ಒಂದು ಬೆರಳು

ಒರೀತಾ ಕೈ ಎತ್ತಿದಳು.

ಬಲಗೈಯಲ್ಲಿ ಚಾಕು ಇತ್ತು. ಅದಕ್ಕೇ ಎಡಗೈ ಎತ್ತಿದಳು. ಗ್ಲೌಸಿನಿಂದ ಕೋಳಿಯ ತಣ್ಣನೆ ನೀರು ತೋಳಿನವರೆಗೂ ಇಳಿಯಿತು. ಸೂಪರ್‌ವೈಸರ್ ಗ್ರೇಡಿ ನೋಡಿದ. ನೋಡಿದ್ದು ಅವಳಿಗೂ ಗೊತ್ತಾಯಿತು. ನೋಡಿದವನು ಗೋಡೆಯ ಕಡೆ ತಿರುಗಿ ನಿಂತ.

ಬೆಲ್ಟು ನಿಲ್ಲುವುದಿಲ್ಲ. ತಲೆಯಿಲ್ಲದ, ಕಾಲಿಲ್ಲದ ಕೋಳಿಗಳು ಒಂದರ ಹಿಂದೆ ಒಂದು ಬರುತ್ತವೆ. ಭುಜದ ಹತ್ತಿರ ಒಂದು ಕೊಯ್ತ, ಕೆಳಕ್ಕೊಂದು ಎಳೆತ, ಎದೆಯ ಮಾಂಸ ಕೈಗೆ ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಒಬ್ಬಳು ಜಾಗ ಬಿಟ್ಟರೆ ಪಕ್ಕದವಳ ಮೇಲೆ ಎರಡು ಪಾಲು ಬೀಳುತ್ತದೆ. ಆದ್ದರಿಂದ ಉಚ್ಚೆಗೆ ಹೋಗಬೇಕಾದವರು ಕೈ ಎತ್ತಿ ಬದಲಿ ಬರುವವರೆಗೆ ಕಾಯಬೇಕು. ಬದಲಿಗೆಂದು ಇಡೀ ಲೈನಿಗೆ ಒಬ್ಬಳನ್ನು ಇಟ್ಟಿದ್ದಾರೆ, ಅವಳನ್ನೂ ಪ್ಯಾಕಿಂಗಿಗೆ ಅಟ್ಟಿರುತ್ತಾರೆ. ಒಂದು ಕೈ ಎತ್ತಿಕೊಂಡೇ ಇರಬೇಕು, ಎರಡು ಕೈಯ ಕೆಲಸವೂ ಆಗುತ್ತಿರಬೇಕು. ಅದು ಹೇಗೆ ಅಂತ ಈ ಕೋಳಿ ಪ್ಲಾಂಟಿನ ದೊಡ್ಡವರನ್ನೇ ಕೇಳಬೇಕು.

ಒರೀತಾ ತನಗಾಗಿ ಕೈ ಎತ್ತಿದ್ದಲ್ಲ. ತನಗಾಗಿ ಎತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮನೆಯಿಂದ ಹೊರಡುವಾಗಲೇ ಅವಳು ಡೈಪರ್ ಕಟ್ಟಿಕೊಂಡು ಬರುತ್ತಿದ್ದಳು. ಹಾಸಿಗೆ ಹಿಡಿದ ಮುದುಕರಿಗೆ ಕಟ್ಟುವಂಥದ್ದು. ಲೈನಿನ ಅರ್ಧ ಹೆಂಗಸರು ಅದನ್ನೇ ಕಟ್ಟಿಕೊಂಡು ನಿಲ್ಲುತ್ತಿದ್ದರು, ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ತಳ್ಳುಗಾಡಿಯಲ್ಲಿ ಅದರ ಮೇಲೆ ಬ್ರೆಡ್ಡು ಇಟ್ಟು ಮುಚ್ಚುತ್ತಿದ್ದರು.

ಅವಳು ಕೈ ಎತ್ತಿದ್ದು ಪಕ್ಕದಲ್ಲಿ ನಿಂತಿದ್ದ ಮಾರ್ಕೀಟಾಳಿಗಾಗಿ. ಮಾರ್ಕೀಟಾ ಅವಳ ತಂಗಿಯ ಮಗಳು. ತುಂಬಿದ ಬಸುರಿ, ಹೊಟ್ಟೆ ಬೆಲ್ಟಿನ ಅಂಚಿಗೆ ತಾಗುತ್ತಿತ್ತು. ಹಿಡಿದು ಹಿಡಿದು ಮೂತ್ರದಲ್ಲಿ ಸೋಂಕಾಗಿ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದಳು. ಇನ್ನೊಂದು ಸಲ ಹೀಗಾದರೆ ಮಗು ದಿನ ತುಂಬುವ ಮೊದಲೇ ಬರಬಹುದು, ಉಳಿಯದೆಯೂ ಇರಬಹುದು ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದ್ದರು. ಡೈಪರ್ ಕಟ್ಟಿದರೆ ಅದೇ ಸೋಂಕು ಮತ್ತೆ ಎಂದೂ ಹೇಳಿದ್ದರು. ಅವತ್ತು ಶುಕ್ರವಾರ ಅವಳು ಬೆಳಗಿನಿಂದ ಕೈ ಎತ್ತಿ ಎತ್ತಿ ಸೋತಿದ್ದಳು.

ಗ್ರೇಡಿ ಕೊನೆಗೂ ಬಂದ. "ಕೈ ಇಳಿಸಿ ಮಿಸ್ ಒರೀತಾ. ಒಬ್ಬರ ಉಚ್ಚೆಗೆ ಇನ್ನೊಬ್ಬರು ಅರ್ಜಿ ಹಾಕೋ ಹಾಗಿಲ್ಲ."

"ಅವಳು ಬಸುರಿ ಕಣಯ್ಯಾ."

"ನಾನೇನು ಮಾಡಿದ್ದಲ್ಲವಲ್ಲ. ಸ್ವಲ್ಪ ಕಾಯ್ಲಿ."

ಮಾರ್ಕೀಟಾಳಿಗೆ ಕಾಯಲಾಗಲಿಲ್ಲ. ಪ್ಯಾಂಟು ಒದ್ದೆಯಾಯಿತು, ಬೂಟಿನೊಳಕ್ಕೆ ಇಳಿಯಿತು, ಬೂಟು ತುಂಬಿ ನೆಲಕ್ಕೆ ಹರಿಯಿತು. ಗ್ರೇಡಿ ರಕ್ತ ತೊಳೆಯುವ ಪೈಪು ತಂದ. ಮೊದಲು ನೆಲಕ್ಕೆ ಬಿಟ್ಟ. ಆಮೇಲೆ ಅವಳ ಬೂಟಿಗೆ. ಆಮೇಲೆ ದನ ತೊಳೆಯುವ ಹಾಗೆ ತೊಡೆಯವರೆಗೂ ಬಿಟ್ಟ. ಆಚೆ ಲೈನಿನ ಗಂಡಸರಿಬ್ಬರು ನಕ್ಕರು. ಎದುರಿಗೆ ನಿಂತಿದ್ದ ಪಾಸ್ಕ್ವಾಲಾ ನಗಲಿಲ್ಲ. ಅವಳು ಗ್ವಾಟೆಮಾಲಾದಿಂದ ಬಂದವಳು, ನಾಲ್ಕು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಕೈ ಚಾಚಿ ಮಾರ್ಕೀಟಾಳ ಪಾಲಿನ ಕೋಳಿಗಳನ್ನೂ ತನ್ನ ಕಡೆ ಎಳೆದುಕೊಂಡಳು. ಆದರೂ ಮಾರ್ಕೀಟಾ ಚಾಕು ಕೆಳಗಿಡಲಿಲ್ಲ. ಇಟ್ಟರೆ ಕೆಲಸ ಹೋಗುತ್ತಿತ್ತು. ಅಳುತ್ತಲೇ ಕೊಯ್ದಳು.

ಒರೀತಾ ಪಕ್ಕದಲ್ಲೇ ನಿಂತು ತಾನೂ ಕೊಯ್ಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಗ್ರೇಡಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತನ್ನ ಕೈಗಳ ಮೇಲೆ ಬಂತು. ಇಷ್ಟಾದರೂ ಅವು ನಿಂತಿರಲಿಲ್ಲ.

ಇದಕ್ಕೊಂದು ಕಾನೂನು ಬರುತ್ತದೆ ಎಂದು ಅಮೆರಿಕದ ಆ ಪಟ್ಟಣದವರೆಲ್ಲ ನಂಬಿದ್ದರು. ರಾಜ್ಯದ ಶಾಸನಸಭೆಯಲ್ಲಿ ಒಂದು ಮಸೂದೆ ಇತ್ತು. ಸಣ್ಣ ಮಸೂದೆ. ಲೈನಿನಲ್ಲಿ ನಿಂತವರು ಕೈ ಎತ್ತಿದರೆ ಹತ್ತು ನಿಮಿಷದೊಳಗೆ ಶೌಚಕ್ಕೆ ಬಿಡಬೇಕು, ಬಿಡದಿದ್ದರೆ ಕಂಪನಿಗೆ ದಂಡ. ದುಡಿಯುವವರಿಗೂ ಉಚ್ಚೆ ಬರುತ್ತದೆ ಎಂದು ಒಪ್ಪಿಕೊಳ್ಳುವ ಕಾನೂನು, ಅಷ್ಟೇ. ಅದನ್ನು ಮಂಡಿಸಿದವನು ಈ ಕ್ಷೇತ್ರದ ಶಾಸಕ ಲವೆಲ್ ಸ್ಟಾಲ್‌ವರ್ತ್.

ಲವೆಲ್ ಹೊರಗಿನವನಲ್ಲ. ಪಟ್ಟಣದ ರೈಲುಹಳಿಯ ಈಚೆಗೆ, ಕಪ್ಪು ಜನರ ಬೀದಿಯಲ್ಲಿ ಹುಟ್ಟಿದವನು. ಅವನ ತಾಯಿ ಲೂವೀನಿಯಾ ಸಾಯುವವರೆಗೂ ಒರೀತಾಳ ಪಕ್ಕದಲ್ಲಿ, ಈಗ ಮಾರ್ಕೀಟಾ ನಿಲ್ಲುವ ಜಾಗದಲ್ಲಿ ನಿಂತು ಕೋಳಿ ಕೊಯ್ದವಳು. ಹಾಗೆ ಕೊಯ್ದೇ ಮಗನನ್ನು ಕಾಲೇಜಿಗೆ ಕಳಿಸಿದಳು. ಅವನು ಚುನಾವಣೆಗೆ ನಿಂತಾಗ ಲೈನಿನ ಹೆಂಗಸರು ಪಾಳಿ ಮುಗಿಸಿ, ಊದಿದ ಕೈಯಲ್ಲಿ ಮನೆಮನೆ ಬಾಗಿಲು ತಟ್ಟಿದ್ದರು. ಗೆದ್ದ ಮೇಲೆ ಅವನು ತಾನು ಬೆಳೆದ ಚರ್ಚಿನಲ್ಲೇ ನಿಂತು, ನನ್ನ ಮೊದಲ ಮಸೂದೆ ನನ್ನ ಅಮ್ಮನ ಮಸೂದೆ ಎಂದಿದ್ದ. ಅವತ್ತು ಅಳದವರು ಯಾರೂ ಇರಲಿಲ್ಲ.

ಈಗ ಅವನೇ ಕಾರ್ಮಿಕ ಸಮಿತಿಯ ಅಧ್ಯಕ್ಷ. ಮಸೂದೆ ಅದೇ ಸಮಿತಿಯಲ್ಲಿ ಕೂತಿತ್ತು. ಬರುವ ಮಂಗಳವಾರದೊಳಗೆ ಅಧ್ಯಕ್ಷ ಅದನ್ನು ಚರ್ಚೆಗೆ ಎತ್ತಿಕೊಳ್ಳದಿದ್ದರೆ ಈ ವರ್ಷಕ್ಕೆ ಅದು ಸತ್ತ ಹಾಗೆ. ಲೈನಿನವರು ಅವನ ಕಚೇರಿಗೆ ಫೋನು ಮಾಡಿ ಮಾಡಿ ಸಾಕಾಗಿದ್ದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಒಬ್ಬ ಹುಡುಗಿ ಬಹಳ ಸಿಹಿಯಾಗಿ ಹೇಳುತ್ತಿದ್ದಳು. ಭಾನುವಾರ ಮಧ್ಯಾಹ್ನ ಅವನು ಚರ್ಚಿಗೆ ಬಂದು ಊರಿನ ಕೆಲಸಗಳ, ಬಾಕಿ ಮಸೂದೆಗಳ ವರದಿ ಕೊಡುತ್ತಾನೆ ಎಂದು ಗೊತ್ತಾದಾಗ ಎಲ್ಲರೂ ಅಂದುಕೊಂಡದ್ದು ಒಂದೇ. ಎದುರಿಗೆ ಕೂತು ಕೇಳಿದರೆ ಅವನು ಹೇಗೆ ಇಲ್ಲ ಅನ್ನುತ್ತಾನೆ?

ವಾರವೆಲ್ಲ ರಬ್ಬರು ಏಪ್ರನ್ನಿನಲ್ಲಿ ನಿಲ್ಲುವ ಒರೀತಾ ಭಾನುವಾರ ಬೇರೆಯೇ ಹೆಂಗಸು. ಅವಳು ಆ ಚರ್ಚಿನ ಹಿರಿಯ ಅಶರ್. ಬಾಗಿಲಲ್ಲಿ ನಿಲ್ಲುವುದು, ಬಂದವರನ್ನು ಜಾಗ ತೋರಿಸಿ ಕೂರಿಸುವುದು, ಪ್ರಾರ್ಥನೆ ನಡೆಯುವಾಗ ಬಾಗಿಲು ಮುಚ್ಚಿ ಯಾರನ್ನೂ ಆಚೆ ಈಚೆ ಬಿಡದೆ ಕಾಯುವುದು ಅವಳ ಸೇವೆ. ಬಿಳೀ ಉಡುಪು, ಬಿಳೀ ಬೂಟು, ಬಿಳೀ ಗ್ಲೌಸು. ಗ್ಲೌಸಿನೊಳಗೆ ಅವಳ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಅದು ಯಾರಿಗೂ ಕಾಣುತ್ತಿರಲಿಲ್ಲ. ಆ ಬಿಳೀ ಕೈ ಕೂತುಕೋ ಎಂದರೆ ಕೂರದವರು ಆ ಚರ್ಚಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಚರ್ಚಿನಲ್ಲಿ ಒಂದು ರೂಢಿ. ಉಪದೇಶದ ನಡುವೆ ಯಾರಿಗಾದರೂ ಎದ್ದುಹೋಗಬೇಕಾದರೆ ಬಾಯಿ ಬಿಟ್ಟು ಕೇಳುವುದಿಲ್ಲ. ಒಂದು ಬೆರಳು ಎತ್ತುತ್ತಾರೆ, ತಲೆ ಬಗ್ಗಿಸುತ್ತಾರೆ, ಮೆತ್ತಗೆ ನಡೆದು ಹೋಗುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಪಾಸ್ಟರೂ ಕೇಳುವುದಿಲ್ಲ. ಅಜ್ಜಂದಿರ ಕಾಲದಿಂದಲೂ ಹಾಗೇ.

ಲವೆಲ್‌ಗೆ ಇದನ್ನು ಕಲಿಸಿದ್ದು ಒರೀತಾ. ಪುಟ್ಟ ಹುಡುಗನಾಗಿದ್ದಾಗ ಒಂದು ಭಾನುವಾರ ಅವನ ತಾಯಿಗೆ ಪ್ಲಾಂಟಿನಲ್ಲಿ ಪಾಳಿ ಬಿದ್ದಿತ್ತು. ಉಪದೇಶ ಮುಗಿಯುವ ಹಾಗೇ ಇರಲಿಲ್ಲ. ಹುಡುಗ ಹೆದರಿ ಹೆದರಿ ಹಿಡಿದುಕೊಂಡು ಕೂತು ಕೊನೆಗೆ ಬೆಂಚಿನ ಮೇಲೇ ಮಾಡಿಕೊಂಡ. ಒರೀತಾ ತನ್ನ ಬಿಳೀ ಉಡುಪಿಗೆ ಅವನನ್ನು ಅವಚಿಕೊಂಡು ಹೊರಗೆ ತಂದಳು, ಚಡ್ಡಿ ತೊಳೆದಳು, ಅಡಿಗೆಮನೆಯ ಫ್ಯಾನಿನ ಕೆಳಗೆ ಒಣಗಿಸಿದಳು. ಮುಂದಿನ ಸಲ ಬೆರಳು ಎತ್ತು, ನಡಿ, ದೇವರ ಮನೇಲಿ ನಿನ್ನ ತಡೆಯೋರು ಯಾರೂ ಇಲ್ಲ ಎಂದಳು. ಇದನ್ನು ಅವಳು ಯಾರಿಗೂ, ಲೂವೀನಿಯಾಳಿಗೂ ಹೇಳಿರಲಿಲ್ಲ.

ಭಾನುವಾರ ಸಭೆಗೆ ಮೊದಲು ಪಾಸ್ಟರ್ ಹೊಲೋಮನ್ ಅವಳನ್ನು ಪಕ್ಕಕ್ಕೆ ಕರೆದರು. ಲವೆಲ್ ಕಡೆಯವರು ಹೇಳಿದ್ದಾರಂತೆ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಬೇಕಂತೆ, ಯಾರೂ ಎದ್ದು ನಿಂತು ಕೇಳುವ ಹಾಗಿಲ್ಲವಂತೆ. ಪ್ಲಾಂಟಿನ ಮ್ಯಾನೇಜರೂ ಬರುತ್ತಿದ್ದಾರೆ, ಅವರಿಗೆ ಮುಂದಿನ ಸಾಲು. ಲೈನಿನವರನ್ನು ಹಿಂದೆ ಕೂರಿಸಿದರೆ ಒಳ್ಳೆಯದು. ಇಷ್ಟು ಹೇಳಿ ಪಾಸ್ಟರ್ ಸೀಲಿಂಗಿನ ಕಡೆ ನೋಡಿದರು. ಅಲ್ಲಿದ್ದ ಹೊಸ ಏಸಿ ಪ್ಲಾಂಟಿನವರು ಕೊಟ್ಟದ್ದು. ಸಭೆಯ ನಂತರದ ಊಟದ ಕೋಳಿಯೂ ಅವರೇ ಕಳಿಸಿದ್ದು.

"ಹಿಂದೆ ಯಾಕೆ ಪಾಸ್ಟರ್? ನಮ್ಮ ಮೈ ನಾರುತ್ತಾ?" ಒರೀತಾ ಕೇಳಿದಳು.

"ಹಾಗಲ್ಲ ಸಿಸ್ಟರ್. ಶಾಂತಿಯಿಂದ ಮುಗೀಲಿ ಅಂತ."

ಅವಳು ಅವರು ಹೇಳಿದ ಹಾಗೇ ಮಾಡಿದಳು. ಅದನ್ನೂ ಹೇಳಿಬಿಡಬೇಕು. ತನ್ನ ಜೊತೆ ನಿಂತು ದುಡಿಯುವವರನ್ನು ತನ್ನ ಬಿಳೀ ಕೈಯಿಂದಲೇ ಹಿಂದಿನ ಬೆಂಚುಗಳಿಗೆ ತೋರಿಸಿದಳು. ಪಾಸ್ಕ್ವಾಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಹೆದರುತ್ತ ಬಂದಿದ್ದಳು, ಅವಳ ಚರ್ಚು ಬೇರೆ. ಅವಳನ್ನೂ ಹಿಂದೆ, ಮಾರ್ಕೀಟಾಳ ಪಕ್ಕ ಕೂರಿಸಿದಳು. ಮಾರ್ಕೀಟಾಳ ಮುಖ ಜ್ವರದಿಂದ ಹೊಳೆಯುತ್ತಿತ್ತು.

"ಮೈ ಸುಡ್ತಿದೆಯಲ್ಲೇ," ಅಂದಳು ಒರೀತಾ.

"ನಿನ್ನೆಯಿಂದ ಆಂಟಿ. ಸೊಂಟಾನೂ ನೋವು. ಇವತ್ತು ಕೇಳ್ಕೊಂಡೇ ಹೋಗೋದು ನಾನು."

ಲವೆಲ್ ಬಂದ. ನೀಲಿ ಸೂಟು, ಎದೆಯ ಮೇಲೆ ರಾಜ್ಯದ ಲಾಂಛನದ ಪಿನ್ನು. ಬಾಗಿಲಲ್ಲೇ ಒರೀತಾಳನ್ನು ತಬ್ಬಿದ. ನೀವು ಒಂದು ದಿನವೂ ವಯಸ್ಸಾದ ಹಾಗೆ ಕಾಣಲ್ಲ ಮಿಸ್ ಒರೀತಾ ಎಂದ. ಅವಳ ಗ್ಲೌಸನ್ನು ಹಿಡಿದು ಅಮುಕಿದ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ಪ್ರೀತಿ ಅಂದುಕೊಂಡು ಮುಂದೆ ನಡೆದ.

ವರದಿ ಚೆನ್ನಾಗಿತ್ತು. ಮಾತು ಕಲಿತ ಹುಡುಗ. ಹಳ್ಳದ ಸೇತುವೆ ಮುಂದಿನ ಬೇಸಗೆಗೆ ಮುಗಿಯುತ್ತದೆ. ಆಸ್ಪತ್ರೆಯ ತುರ್ತು ವಿಭಾಗ ಮುಚ್ಚದಂತೆ ತಡೆದಿದ್ದೇನೆ. ಮೇಷ್ಟರುಗಳ ಸಂಬಳದ ಮಸೂದೆ ನಮ್ಮ ಸಭೆಯಲ್ಲಿ ಪಾಸಾಗಿ ಮೇಲ್ಮನೆಯಲ್ಲಿದೆ. ಜಿಂಕೆ ಬೇಟೆಯ ಪರವಾನಗಿ ಅರವತ್ತೈದು ದಾಟಿದವರಿಗೆ ಬಿಟ್ಟಿ. ಹೆದ್ದಾರಿಯ ಒಂದು ತುಂಡಿಗೆ ನಮ್ಮ ಹಳೇ ಪಾಸ್ಟರ ಹೆಸರು. ಪ್ರತಿಯೊಂದಕ್ಕೂ ಆಮೆನ್ ಬಿತ್ತು. ಹಿಂದಿನ ಬೆಂಚುಗಳವರೂ ಚಪ್ಪಾಳೆ ತಟ್ಟಿದರು. ಮುಂದಿನದ್ದು ನಮ್ಮದು, ಮುಂದಿನದ್ದು ನಮ್ಮದು ಎಂದುಕೊಂಡು ತಟ್ಟುತ್ತಿದ್ದರು. ಸತ್ತ ಪಾಸ್ಟರಿಗೆ ರಸ್ತೆ ಸಿಕ್ಕಿತು, ಜಿಂಕೆಗೂ ಒಂದು ಮಸೂದೆ ಸಿಕ್ಕಿತು. ಲವೆಲ್ ಕಾಗದ ಮಡಚಿ ನೀರು ಕುಡಿದ.

ಚೀಟಿಗಳನ್ನು ಸಂಗ್ರಹಿಸಿದ್ದು ಒರೀತಾಳೇ. ಹಿಂದಿನ ಬೆಂಚುಗಳ ಚೀಟಿಗಳಲ್ಲೆಲ್ಲ ಒಂದೇ ಪ್ರಶ್ನೆ ಇತ್ತು. ಪಾಸ್ಟರ್ ಒಂದೊಂದಾಗಿ ತೆಗೆದು ನೋಡಿ ಕೆಳಗೆ ಸೇರಿಸುತ್ತ ಹೋದರು. ಕೊನೆಗೆ ಬೀದಿದೀಪದ ಬಗ್ಗೆ ಒಂದು ಓದಿದರು. ಮೀನು ಹಿಡಿಯುವ ಕೆರೆಯ ಬಗ್ಗೆ ಒಂದು. ಸಮಯ ಆಗಿದೆ, ಕೋಳಿ ಆರುತ್ತಿದೆ ಎಂದು ನಕ್ಕರು. ಮುಂದಿನ ಸಾಲಿನಲ್ಲಿ ಮ್ಯಾನೇಜರೂ ನಕ್ಕ.

ಮಾರ್ಕೀಟಾ ಎದ್ದು ನಿಂತಳು.

ಒಂದು ಕೈ ಎದುರಿನ ಬೆಂಚಿನ ಮೇಲೆ, ಒಂದು ಕೈ ಹೊಟ್ಟೆಯ ಕೆಳಗೆ. ಪಾಸ್ಟರ್ ಒರೀತಾಳ ಕಡೆ ನೋಡಿ ಗಲ್ಲ ಅಲ್ಲಾಡಿಸಿದರು. ಕೂರಿಸು ಎಂದು ಅರ್ಥ. ಒರೀತಾ ನಡೆದು ಹೋದಳು. ಇಡೀ ಚರ್ಚು ಅವಳ ಕೈಯನ್ನೇ ನೋಡುತ್ತಿತ್ತು. ಆ ಕೈ ಮಾರ್ಕೀಟಾಳ ಭುಜದ ಮೇಲೆ ಬಿತ್ತು. ಒತ್ತಲಿಲ್ಲ. ಹಾಗೇ ಇಟ್ಟುಕೊಂಡು ಅವಳ ಪಕ್ಕದಲ್ಲಿ ನಿಂತಳು.

"ಕೇಳು," ಅಂದಳು.

"ನಮ್ಮ ಮಸೂದೆ ಏನಾಯ್ತು?" ಮಾರ್ಕೀಟಾ ಕೇಳಿದಳು. "ನಿಮ್ಮ ಅಮ್ಮನ ಮಸೂದೆ."

ಲವೆಲ್ ಮೈಕನ್ನು ಸರಿ ಮಾಡಿಕೊಂಡ. ಅದು ಸಮಿತಿಯ ಪರಿಶೀಲನೆಯಲ್ಲಿದೆ ಎಂದ. ಎಲ್ಲ ಕಡೆಯವರ ಜೊತೆ ಮಾತುಕತೆ ನಡೆದಿದೆ. ಪದಗಳನ್ನು ಸ್ವಲ್ಪ ತಿದ್ದಬೇಕಿದೆ. ಮುಂದಿನ ಅಧಿವೇಶನಕ್ಕೆ ಇನ್ನೂ ಗಟ್ಟಿಯಾಗಿ ತರೋಣ. ಈ ಮಾತುಗಳು ಅವನ ಬಾಯಲ್ಲಿ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿದ್ದವು. ಕೊನೆಗೆ, "ದೊಡ್ಡ ಕೆಲಸ ತಂಗಿ. ಸ್ವಲ್ಪ ಕಾಯಬೇಕು," ಎಂದ.

ಗ್ರೇಡಿಯೂ ಇದನ್ನೇ ಹೇಳಿದ್ದ. ಅದೇ ಮಾತು, ಅಷ್ಟೇ ಮೆತ್ತಗೆ.

"ಮಂಗಳವಾರ ಅದನ್ನ ಎತ್ಕೊಳ್ತೀಯಾ, ಇಲ್ವಾ?" ಅಂದಳು ಒರೀತಾ.

"ಮಿಸ್ ಒರೀತಾ, ಅದು ಹೌದು, ಇಲ್ಲ ಅಂತ ಹೇಳೋ ವಿಷಯ ಅಲ್ಲ."

"ಕೈ ಎತ್ತಿದ್ರೆ ಬಿಡಬೇಕು ಅಂತ ತಾನೇ ಅದರಲ್ಲಿರೋದು? ಎಲ್ಲಿ ತಿದ್ತೀಯ ಅದನ್ನ? ಶುಕ್ರವಾರ ಇವಳು ಲೈನಲ್ಲೇ ಮಾಡ್ಕೊಂಡ್ಲು. ಪೈಪಿಂದ ತೊಳೆದ್ರು ಇವಳನ್ನ, ಎಲ್ಲರೆದುರಿಗೆ. ಇವಳ ಹೊಟ್ಟೇಲಿರೋದು ನಿನ್ನ ಮುಂದಿನ ಅಧಿವೇಶನದ ತನಕ ಕಾಯುತ್ತಾ?"

ದೇವರ ಮನೆಯಲ್ಲಿ ಇಂಥ ಮಾತೆಲ್ಲ ಯಾಕೆ ಎಂದು ಹಿರಿಯನೊಬ್ಬ ಗೊಣಗಿದ. ಒರೀತಾ ಅವನ ಕಡೆ ತಿರುಗಿ, ಇಂಥದ್ದೆಲ್ಲ ಮಾಡುವ ಮೈ ಕೊಟ್ಟವನೇ ದೇವರು ಎಂದಳು. ಆಮೇಲೆ ಅವಳು ಯಾವತ್ತೂ ಹೇಳದ್ದನ್ನು ಹೇಳಿದಳು.

"ನಾನು ಡೈಪರ್ ಕಟ್ಕೊಂಡು ಕೆಲಸಕ್ಕೆ ಹೋಗ್ತೀನಿ ಲವೆಲ್. ಈ ಬಿಳೀ ಬಟ್ಟೆ ಹಾಕೋ ಹೆಂಗಸು ನಾನು, ವಾರವೆಲ್ಲ ನನ್ನ ಉಚ್ಚೇಲೇ ನಿಂತಿರ್ತೀನಿ. ನಿಮ್ಮಮ್ಮನೂ ಹಾಗೇ ನಿಂತಿದ್ಲು. ನಿನಗೆ ಹೇಳಿರ್ಲಿಲ್ಲ, ಅಷ್ಟೇ."

ಹಿಂದಿನ ಬೆಂಚಿನಲ್ಲಿ ಯಾರೋ, "ನಾನೂ," ಎಂದರು. ಇನ್ನೊಂದು ಮೂಲೆಯಿಂದ ಇನ್ನೊಬ್ಬಳು ನಾನೂ ಎಂದಳು. ಮುಂದಿನ ಸಾಲುಗಳಲ್ಲಿದ್ದ ಗಂಡಸರು ತಮ್ಮ ಹೆಂಡಂದಿರ ಮುಖ ನೋಡಿದರು, ಹೆಂಡಂದಿರು ನೆಲ ನೋಡಿದರು.

ಲವೆಲ್‌ನ ಮುಖದ ಮೇಲಿಂದ ಶಾಸಕ ಒಂದು ಗಳಿಗೆ ಇಳಿದುಹೋದ. ಆದರೆ ಅವನ ಕಣ್ಣು ಮ್ಯಾನೇಜರಿನ ಕಡೆ ಹೋಗಿ ಬಂತು. ಬಂದಾಗ ಮತ್ತೆ ಶಾಸಕನಾಗಿದ್ದ.

"ನಾನು ನಿಜ ಹೇಳ್ತೀನಿ ಕೇಳಿ," ಎಂದ. "ಈ ಮಸೂದೆ ಪಾಸಾದ್ರೆ ಪ್ಲಾಂಟು ಪಕ್ಕದ ರಾಜ್ಯಕ್ಕೆ ಹೋಗುತ್ತೆ. ನನಗೆ ಬಾಯ್ಬಿಟ್ಟು ಹೇಳಿದ್ದಾರೆ. ಆಮೇಲೆ ಈ ಊರಲ್ಲಿ ಏನಿದೆ? ಯಾರ ಮನೆ ಉಳಿಯುತ್ತೆ?"

"ನಾವು ಉಚ್ಚೆ ಹೊಯ್ಯೋಕೆ ಹೋದ್ರೆ ಪ್ಲಾಂಟು ಊರು ಬಿಡುತ್ತಾ?" ಅಂದಳು ಒರೀತಾ. "ಮತ್ತೆ ಅಲ್ಲಿಯ ಹೆಂಗಸರು ಹೊಯ್ಯಲ್ವಾ?"

ಒಂದು ನಗು ಸಿಡಿಯಿತು, ಅಲ್ಲೇ ಸತ್ತಿತು. ಆ ಹೆದರಿಕೆ ಎಲ್ಲರ ಮನೆಯಲ್ಲೂ ಇತ್ತು. ಲವೆಲ್‌ಗೆ ಅದು ಗೊತ್ತಿತ್ತು. ಅದಕ್ಕೇ ಅವನು ಸುಮ್ಮನೆ ನಿಂತ, ಹೆದರಿಕೆ ತನ್ನ ಕೆಲಸ ಮಾಡಲಿ ಎಂದು.

ಒರೀತಾಳ ನಾಲಿಗೆಯ ತುದಿಗೆ ಬಂದಿತ್ತು. ಆ ಭಾನುವಾರ, ಆ ಒದ್ದೆ ಬೆಂಚು, ಫ್ಯಾನಿನ ಕೆಳಗಿನ ಚಡ್ಡಿ. ಒಂದು ಮಾತು ಸಾಕು, ನೀಲಿ ಸೂಟಿನ ಮಾನ ಹರಾಜಾಗುತ್ತಿತ್ತು. ಲವೆಲ್ ಅವಳನ್ನೇ ನೋಡುತ್ತಿದ್ದ. ಅವನಿಗೂ ಅದೇ ನೆನಪಾಗಿದೆ ಎಂದು ಅವಳಿಗೆ ತಿಳಿಯಿತು. ಅವಳು ಹೇಳಲಿಲ್ಲ.

ಪಾಸ್ಟರ್ ಹೊಲೋಮನ್ ಎರಡೂ ಕೈ ಎತ್ತಿದರು. ಎಲ್ಲರೂ ತಲೆ ಬಗ್ಗಿಸಿ ಪ್ರಾರ್ಥಿಸೋಣ ಎಂದು ದೊಡ್ಡ ದನಿಯಲ್ಲಿ ಶುರು ಮಾಡಿದರು. ಜಾಣ ಮನುಷ್ಯ. ಪ್ರಾರ್ಥನೆ ಶುರುವಾದರೆ ಬಾಯಿ ಮುಚ್ಚಬೇಕು, ಬಾಗಿಲೂ ಮುಚ್ಚಬೇಕು. ಇನ್ನಿಬ್ಬರು ಅಶರ್ ಹೆಂಗಸರು ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನುಕೊಟ್ಟು ನಿಂತರು. ಅವರಿಗೆ ಹಾಗೆ ನಿಲ್ಲುವುದನ್ನು ಕಲಿಸಿದ್ದೂ ಒರೀತಾಳೇ. ಪ್ರಭುವೇ, ನಮಗೆ ತಾಳ್ಮೆ ಕೊಡು ಎಂದರು ಪಾಸ್ಟರ್.

ಒರೀತಾ ಬಲಗೈಯ ಗ್ಲೌಸು ಬಿಚ್ಚಿದಳು. ಊದಿದ, ಸೊಟ್ಟಗಾದ, ಉಗುರಿನ ಬುಡದಲ್ಲಿ ಕಪ್ಪಾದ ಬೆರಳು ಹೊರಗೆ ಬಂತು. ಅದನ್ನು ಎತ್ತಿದಳು.

ಪ್ರಾರ್ಥನೆಯ ನಡುವೆ ಯಾರೂ ಯಾವತ್ತೂ ಎತ್ತಿರಲಿಲ್ಲ. ಅವಳು ನಡುವಿನ ದಾರಿಯಲ್ಲಿ ಬಾಗಿಲ ಕಡೆ ನಡೆದಳು. ಬಾಗಿಲಲ್ಲಿದ್ದ ಹೆಂಗಸರಿಬ್ಬರೂ ಅವಳ ಬೆರಳು ನೋಡಿದರು, ಪಾಸ್ಟರನ್ನು ನೋಡಿದರು. ಅವರಲ್ಲಿ ಒಬ್ಬಳು ಪ್ಲಾಂಟಿನ ಪ್ಯಾಕಿಂಗಿನವಳು. ಅವಳು ಸರಿದಳು. ಬಾಗಿಲು ತೆರೆಯಿತು, ಮಧ್ಯಾಹ್ನದ ಬಿಸಿಲು ಒಳಗೆ ಬಂತು.

ಮಾರ್ಕೀಟಾ ಬೆರಳು ಎತ್ತಿದಳು. ಪಾಸ್ಕ್ವಾಲಾ ಒಂದು ಕ್ಷಣ ಅವಳ ಕೈ ನೋಡಿ ತನ್ನದನ್ನೂ ಎತ್ತಿದಳು. ಹಿಂದಿನ ಬೆಂಚುಗಳು ಒಂದೊಂದಾಗಿ ಎದ್ದವು. ಆಮೇಲೆ ಮುಂದಿನವರ ಹೆಂಡಂದಿರು. ಊರುಗೋಲಿನ ಮುದುಕಿಯೊಬ್ಬಳು ಕೋಲಿನ ಮೇಲಿಂದಲೇ ಬೆರಳು ಬಿಡಿಸಿ ಎತ್ತಿಕೊಂಡು ಬಂದಳು. ಪಾಸ್ಟರ್ ಪ್ರಾರ್ಥನೆಯನ್ನು ಉದ್ದ ಮಾಡಿದರು, ಇನ್ನೂ ಉದ್ದ ಮಾಡಿದರು. ಯಾರನ್ನೂ ತಡೆಯಲು ಅವರಿಗೆ ಆಗಲಿಲ್ಲ. ಬೆರಳು ಎತ್ತಿದವರನ್ನು ತಡೆಯುವ ಮಾತು ಆ ಚರ್ಚಿನಲ್ಲಿ ಇರಲೇ ಇಲ್ಲ.

ಚರ್ಚಿನ ಹಿಂದೆ ಇದ್ದದ್ದು ಎರಡೇ ಶೌಚಾಲಯ. ಹೆಂಗಸರು ಹೋಗಿ ಅದರ ಮುಂದೆ ಸಾಲು ನಿಂತರು. ಭಾನುವಾರದ ಹ್ಯಾಟು, ಹೂವಿನ ಉಡುಪು, ಎತ್ತರದ ಬೂಟು. ಸಾಲು ಕಾರುಗಳು ನಿಲ್ಲುವ ಜಾಗದವರೆಗೂ ಬೆಳೆಯಿತು. ಒಬ್ಬೊಬ್ಬರೂ ಬೇಕಾದಷ್ಟು ಹೊತ್ತು ತೆಗೆದುಕೊಂಡರು. ಯಾರೂ ಬಾಗಿಲು ಬಡಿಯಲಿಲ್ಲ. ಮಾರ್ಕೀಟಾಳನ್ನು ಮೊದಲು ಬಿಟ್ಟರು.

ಲವೆಲ್ ಕಾರಿನ ಕಡೆ ಬಂದವನು ಸಾಲನ್ನು ದಾಟಬೇಕಾಯಿತು. ಯಾರೂ ಬೈಯಲಿಲ್ಲ. ಒರೀತಾಳ ಹತ್ತಿರ ನಿಂತ.

"ಅವತ್ತಿಂದು ಹೇಳಿಬಿಡ್ತೀರೇನೋ ಅಂದ್ಕೊಂಡೆ," ಎಂದ, ಅವಳಿಗೆ ಮಾತ್ರ ಕೇಳುವ ಹಾಗೆ.

"ಮಗುವಿನ ಮಾನ ತೆಗೆಯೋಳಲ್ಲ ನಾನು," ಅಂದಳು. "ನೀನು ದೊಡ್ಡೋನಾಗಿ ಮಾಡಿದ್ದೇ ಬೇಕಾದಷ್ಟಿದೆ."

ನನ್ನ ಕೈಯಲ್ಲಿ ಎಲ್ಲ ಇಲ್ಲ, ಮಂಗಳವಾರ ನೋಡೋಣ ಎಂದ ಅವನು. ಅವಳು ಅವನ ಕೈ ನೋಡಿದಳು. ಮೆತ್ತಗಿನ ಕೈ. ಅದು ಮೆತ್ತಗೇ ಇರಲಿ ಎಂದೇ ಲೂವೀನಿಯಾ ದುಡಿದು ದುಡಿದು ಸತ್ತದ್ದು. ಕಾರು ಹೊರಟುಹೋಯಿತು. ಒಳಗೆ ಪ್ಲಾಂಟು ಕಳಿಸಿದ ಕೋಳಿ ಮುಟ್ಟುವವರಿಲ್ಲದೆ ತಟ್ಟೆಗಳಲ್ಲಿ ಆರಿತು.

ಸೋಮವಾರ ಬೆಳಿಗ್ಗೆ ಒರೀತಾ ಡೈಪರಿನ ಕಟ್ಟು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಳು. ಮತ್ತೆ ಅಲಮಾರಿನಲ್ಲಿಟ್ಟು ಬಾಗಿಲು ಹಾಕಿದಳು.

ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಕೆಲಸ ಹೋದರೆ ಆ ವಯಸ್ಸಿಗೆ ಅವಳನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಮಾರ್ಕೀಟಾಳ ಗಂಡನಿಗೆ ಕೆಲಸವಿರಲಿಲ್ಲ. ಪಾಸ್ಕ್ವಾಲಾಳಿಗೆ ಕೆಲಸ ಹೋದರೆ ದೇಶವೇ ಹೋಗುತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವರು ಮೂವರೂ ಪಕ್ಕಪಕ್ಕದಲ್ಲಿ ಏಪ್ರನ್ ಕಟ್ಟಿಕೊಂಡರು. ಮಾರ್ಕೀಟಾ ಹಿಂದಿನ ರಾತ್ರಿ ಆಸ್ಪತ್ರೆಗೆ ಹೋಗಿ ಮಾತ್ರೆ ತಂದಿದ್ದಳು. ಹೆಚ್ಚು ನೀರು ಕುಡಿಯಬೇಕು, ಹಿಡಿದುಕೊಳ್ಳಲೇಬಾರದು ಎಂದು ಡಾಕ್ಟರು ಇನ್ನೊಂದು ಸಲ ಹೇಳಿದ್ದರಂತೆ. ಲೈನಿಗೆ ಹೋಗುವ ಮೊದಲು ಅವಳು ನಲ್ಲಿಯ ಹತ್ತಿರ ನಿಂತು ದೊಡ್ಡ ಲೋಟದ ತುಂಬ ನೀರು ಕುಡಿದಳು. ಒರೀತಾಳೂ ಕುಡಿದಳು. ಪ್ಲಾಂಟಿನೊಳಗೆ ನೀರು ಕುಡಿದ ನೆನಪೇ ಅವಳಿಗೆ ಇರಲಿಲ್ಲ.

ಬೆಲ್ಟು ಶುರುವಾಯಿತು. ಕೊಯ್ತ, ಎಳೆತ, ಕೊಯ್ತ, ಎಳೆತ. ಹೊತ್ತು ಏರಿದ ಹಾಗೆ ಒರೀತಾಳ ಕೆಳಹೊಟ್ಟೆ ಬಿಗಿಯಿತು. ಮಾರ್ಕೀಟಾ ಕೈ ಎತ್ತಿದಳು. ಗ್ರೇಡಿ ನೋಡಿದ. ಭಾನುವಾರದ ಸುದ್ದಿ ಅವನಿಗೂ ಮುಟ್ಟಿತ್ತು, ಅದಕ್ಕೇ ಇವತ್ತು ನಗುತ್ತಲೇ ಬಂದ.

"ನಿಮ್ಮ ಕಾನೂನು ಇನ್ನೂ ಬಂದಿಲ್ಲವಲ್ಲ," ಎಂದ. "ಕಾಯಿ."

ಒರೀತಾ ಚಾಕು ಕೆಳಗಿಟ್ಟಳು.

ಗ್ಲೌಸು ಕಿತ್ತು ಅದರ ಪಕ್ಕದಲ್ಲಿಟ್ಟಳು. ಒಂದು ಬೆರಳು ಎತ್ತಿದಳು. ಚರ್ಚಿನಲ್ಲಿ ತಲೆ ಬಗ್ಗಿಸುತ್ತಾರೆ. ಇಲ್ಲಿ ಬಗ್ಗಿಸಲಿಲ್ಲ. ಗ್ರೇಡಿಯ ಮುಖ ನೋಡಿಕೊಂಡೇ ಅವನ ಪಕ್ಕದಲ್ಲಿ ಹಾದು ನಡೆದಳು.

"ಎಲ್ಲಿಗೆ?" ಎಂದ ಅವನು. ಅವಳು ನಿಲ್ಲಲಿಲ್ಲ. "ಬಾಗಿಲು ದಾಟಿದ್ರೆ ಕೆಲಸ ಇಲ್ಲ, ಕೇಳಿಸ್ತಾ?"

ಕೇಳಿಸಿತ್ತು. ಹಿಂದಿನಿಂದ ಇನ್ನೊಂದು ಚಾಕು ಸ್ಟೀಲಿನ ಮೇಲೆ ಬಿದ್ದ ಸದ್ದೂ ಕೇಳಿಸಿತು. ಇನ್ನೊಂದು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಎಣಿಸುತ್ತಿದ್ದಳು, ಎಣಿಸಿದರೆ ಸಾಲದು ಅನ್ನಿಸಬಹುದಿತ್ತು. ಒದ್ದೆ ಬೂಟುಗಳ ಸದ್ದು ಅವಳ ಹಿಂದೆ ಬಂತು. ಕೊಯ್ಯುವವರಿಲ್ಲದೆ ಕೋಳಿಗಳು ಬೆಲ್ಟಿನ ತುದಿಯಲ್ಲಿ ಒಂದರ ಮೇಲೊಂದು ಬಿದ್ದವು, ಆಮೇಲೆ ನೆಲಕ್ಕೆ ಬಿದ್ದವು. ಗ್ರೇಡಿ ಹೆಸರು ಹಿಡಿದು ಕೂಗುತ್ತಿದ್ದ, ಆಮೇಲೆ ಹೆಸರುಗಳು ಮುಗಿದು ಬರೀ ಕೂಗುತ್ತಿದ್ದ.

ಅವಳು ಶೌಚಾಲಯದ ಬಾಗಿಲು ಹಾಕಿಕೊಂಡು ಕೂತಳು. ಪಕ್ಕದಲ್ಲಿ ಇನ್ನೊಂದು ಚಿಲಕ ಬಿತ್ತು. "ಆಂಟಿ, ನಾನು ಇಲ್ಲಿದ್ದೀನಿ," ಎಂದಳು ಮಾರ್ಕೀಟಾ. ಅದರಾಚೆ ಇನ್ನೊಂದು ಚಿಲಕ. ಪಾಸ್ಕ್ವಾಲಾ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ, ಹೊರಗೆ ಸಾಲಿನಲ್ಲಿದ್ದವರು ನಕ್ಕರು.

ಆಗ ಗೋಡೆಯಾಚೆಯ ಗುರುಗುರು ನಿಂತಿತು. ಪಾಳಿಯ ನಡುವೆ ಬೆಲ್ಟು ನಿಂತದ್ದನ್ನು ಅವಳು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮಂಗಳವಾರಕ್ಕೆ ಇನ್ನೂ ಒಂದು ರಾತ್ರಿ ಇತ್ತು. ಒರೀತಾ ಏಳಲು ಅವಸರ ಮಾಡಲಿಲ್ಲ.